ಹೊಲದೋರ ಪಾಲು

ಆ ಗುರುವಾರದ ಮಸ್ಸೊಪ್ಪಿನ ಸಾರು ಚೆನ್ನಾಗಿತ್ತು ಎನ್ನುವುದರಲ್ಲಿ ಮನೆಯವರಾರಿಗೂ ಅನುಮಾನವಿರಲಿಲ್ಲ. ಮಧ್ಯಾಹ್ನದ ಊಟಕ್ಕೆ ಆಫೀಸಿನಿಂದ ಬಂದಿದ್ದ ಓಬಳೇಶಪ್ಪ ಒಂದು ಮುದ್ದೆ ಮುಗಿಸಿ, ತಟ್ಟೆಯ ಅಂಚಿನ ಸಾರನ್ನು ಬೆರಳಲ್ಲಿ ಬಳಿಯುತ್ತಾ ಕೂತಿದ್ದ. ಅವನ ತಾಯಿ ಹನುಮಮ್ಮ ಕೇಳದೆಯೇ ಇನ್ನೊಂದು ಮುದ್ದೆ ಇಟ್ಟಳು. ಸೊಪ್ಪು ಅಂದರೆ ಮೂಗು ಮುರಿಯುವ ಹತ್ತು ವರ್ಷದ ಮಗಳು ಕಮಲ ಕೂಡ ತಟ್ಟೆ ನೆಕ್ಕಿ ಎದ್ದಿದ್ದಳು. ಬಾಲವಾಡಿಯಲ್ಲಿ ನಲವತ್ತು ಮಕ್ಕಳ ಮೂಗು ಒರೆಸಿ ಬಂದಿದ್ದ ಹೆಂಡತಿ ಜಯಕ್ಕನಿಗಂತೂ, ಅತ್ತೆ ಮಾಡಿಟ್ಟ ಬಿಸಿ ಅಡಿಗೆಯ ಮುಂದೆ ಕೂರುವುದೇ ಒಂದು ಹಬ್ಬ.

"ಏನವ್ವ, ಸಾರು ಇಷ್ಟು ಕೆಂಪಗೈತೆ?" ಅಂದ ಓಬಳೇಶಪ್ಪ, ಎರಡನೆಯ ಮುದ್ದೆಗೆ ತುಪ್ಪ ಕೇಳಿ ಹಾಕಿಸಿಕೊಂಡು ಬೆರಳಿಡುತ್ತಾ.

"ದಂಟೇ ಕೆಂಪು ಕಣೋ. ಪಾರ್ಕ್‌ನಾಗೆ ಚಿವುಟ್ಕಂಡು ಬಂದೆ. ಪಾಪ, ಯಾರೂ ಚಿವುಟೋರಿಲ್ದೆ ಸಾಲು ಸಾಲು ಬೆಳ್ದು ನಿಂತೈತೆ. ಇನ್ನೆಂಟು ದಿನ ಬಿಟ್ಟಿದ್ರೆ ಹೂ ಬಂದು ನಾರಾಗೋದು."

ಓಬಳೇಶಪ್ಪನ ಕೈ ಅಲ್ಲೇ ನಿಂತಿತು. "ಯಾವ ಪಾರ್ಕು?"

"ಅದೇ, ನಿಮ್ಮ ಆಫೀಸಿನೋರ ಪಾರ್ಕು."

ಎಪ್ಪತ್ತಾರನೇ ಇಸವಿಯ ಆಷಾಢ ಅದು. ದೇಶದಲ್ಲೆಲ್ಲ ಬಿಗಿ, ರೈಲು ಹೊತ್ತಿಗೆ ಸರಿಯಾಗಿ ಬರುತ್ತಿತ್ತು, ಗುಮಾಸ್ತರು ಅದಕ್ಕೂ ಮುಂಚೆ ಬರುತ್ತಿದ್ದರು. ಚಿತ್ರದುರ್ಗವನ್ನು ಚೆಂದಗಾಣಿಸಲು ಹುಟ್ಟಿಕೊಂಡಿದ್ದ ಉದ್ಯಾನ ಸಮಿತಿಯೊಂದು ಹೊಳಲ್ಕೆರೆ ರಸ್ತೆಯ ಬಂಜರಿಗೆ ತಂತಿಬೇಲಿ ಹಾಕಿಸಿ, ಸಿಮೆಂಟು ಬೆಂಚು ಇಡಿಸಿ, ಬಾವುಟದ ಕಂಬದ ಸುತ್ತ ಗುಂಡಗೆ ಕೆಂಪು ದಂಟಿನ ಗಿಡ ಬೆಳೆಸಿತ್ತು. ಬೀಜ ಬೆಂಗಳೂರಿನಿಂದ ಬಂದದ್ದು. ಆ ಬೀಜದ ಪೊಟ್ಟಣವನ್ನು ರಿಜಿಸ್ಟರಿನಲ್ಲಿ ಬರೆದುಕೊಂಡವನು ಸಮಿತಿಯ ಹಂಗಾಮಿ ಗುಮಾಸ್ತನಾದ ಓಬಳೇಶಪ್ಪನೇ. ಮೇಲಿನ ಸಾಹೇಬರು ಪಾರ್ಕು ನೋಡಲು ಬರುವುದು ಶನಿವಾರ ಎಂದೂ ಅವನೇ ಕಾಗದ ಟೈಪು ಮಾಡಿದ್ದ.

"ಅತ್ತೆ, ಯಾರಾದ್ರೂ ನೋಡಿದ್ರಾ?" ಅಂದಳು ಜಯಕ್ಕ.

"ನೋಡ್ದೆ ಏನು? ಬೆಳಕು ಹರಿದಿತ್ತು. ಮಡ್ಲು ತುಂಬ್ಕಂಡು ಪೊಲೀಸ್ ಸ್ಟೇಷನ್ ಮುಂದೇನೇ ಬಂದೆ. ಪಕ್ಕದ್ಮನೆ ಬಸಮ್ಮಂಗೂ ಒಂದು ಹಿಡಿ ಕೊಟ್ಟೆ. ನಿನ್ನೆ ನೀನೇ ಅಲ್ವೇನೇ, ಈ ಊರಾಗೆ ಒಂದು ಎಸಳು ಸೊಪ್ಪು ಕಣ್ಣಿಗೆ ಬೀಳಲ್ಲ ಅಂತ ಗೊಣಗ್ತಿದ್ದೋಳು?"

ಜಯಕ್ಕ ಗೊಣಗಿದ್ದು ನಿಜ. ಓಬಳೇಶಪ್ಪ ಗಂಡಾಂತರದಲ್ಲೂ ಅನ್ನ ಬಿಟ್ಟು ಏಳುವವನಲ್ಲ. ಎರಡನೆಯ ಮುದ್ದೆಯನ್ನೂ ತಲೆ ಬಗ್ಗಿಸಿಕೊಂಡು ಉಂಡು, ಕೈ ತೊಳೆದು ಆಫೀಸಿಗೆ ಹೋದ.

ಶುಕ್ರವಾರ ಬೆಳಿಗ್ಗೆ ಪಾರ್ಕಿನ ಮಾಲಿ ಸಣ್ಣಪ್ಪ ಒಬ್ಬ ಪೇದೆಯನ್ನು ಕರೆದುಕೊಂಡು ಬಾಗಿಲಿಗೆ ಬಂದ. ಒಳಗೆ ಬರಲಿಲ್ಲ. ಹೊಸಿಲಾಚೆಯಿಂದಲೇ, "ಇವ್ರೇ ಸಾರ್," ಅಂದು ಬೇಲಿ ಕಡೆ ನೋಡುತ್ತಾ ನಿಂತ.

"ಬರ್ರಪ್ಪ, ಕುಂತ್ಕಳ್ರಿ. ಮಜ್ಜಿಗೆ ಕುಡೀರಿ," ಅಂದಳು ಹನುಮಮ್ಮ.

"ಮಜ್ಜಿಗೆ ಆಮೇಲೆ ಅಜ್ಜಿ. ಸ್ಟೇಷನ್ನಿಗೆ ಬರ್ಬೇಕು. ನೀನು ಪಾರ್ಕ್‌ನಾಗೆ ಗಿಡ ಕಿತ್ತಿದೀಯಂತೆ."

"ಕೀಳ್ಲಿಲ್ಲ. ಚಿವುಟಿದೆ."

"ಎರಡೂ ಒಂದೇ."

"ನಿಂಗೆ ಒಂದೇ. ದಂಟಿಗೆ ಒಂದಲ್ಲ."

ಓಬಳೇಶಪ್ಪ ಅಷ್ಟು ಹೊತ್ತಿಗೆ ಸೈಕಲ್ ಹತ್ತಿ ಹೋಗಿಯಾಗಿತ್ತು. ಜಯಕ್ಕ ಬಾಲವಾಡಿಗೆ ರಜೆ ಹೇಳಿಕಳಿಸಿ, ಅತ್ತೆಯ ಹಿಂದೆ ಸ್ಟೇಷನ್ನಿಗೆ ನಡೆದಳು. ಅಲ್ಲಿ ಬರೆಯುವವನು ಕಾಗದದ ಮೇಲೆ 'ಕಳವು' ಎಂದು ಬರೆದ; ಗಿಡ ಹಾಳು ಮಾಡಿದ್ದು, ಗಿಡ ಮುಟ್ಟಬಾರದೆಂಬ ಫಲಕ ನೋಡಿಯೂ ನಿಯಮ ಮುರಿದದ್ದು ಎಂದು ಇನ್ನೆರಡು ಸೇರಿಸಿದ. ಹನುಮಮ್ಮ ಹೆಬ್ಬೆಟ್ಟು ಒತ್ತಿದಳು. ಒತ್ತುವ ಮುಂಚೆ ಓದಿಸಿ ಕೇಳಬೇಕೆಂದು ಅವಳಿಗೂ ತೋಚಲಿಲ್ಲ, ಹೇಳಬೇಕೆಂದು ಅವರಿಗೂ ತೋಚಲಿಲ್ಲ. ಜಾಮೀನಿಗೆ ಜಯಕ್ಕ ಸಹಿ ಹಾಕಿದಳು. ಮನೆಗೆ ಬರುವ ದಾರಿಯಲ್ಲಿ ಹನುಮಮ್ಮ ಕೇಳಿದಳು, "ಏನಂತ ಬರ್ದಿದಾನೆ ಅವನು?"

ಜಯಕ್ಕ ಹೇಳದೆ ಇರಬಹುದಿತ್ತು. ಹೇಳಿದಳು.

ಹನುಮಮ್ಮ ರಸ್ತೆ ಪಕ್ಕದ ಮೋರಿ ಕಟ್ಟೆಯ ಮೇಲೆ ಕೂತುಬಿಟ್ಟಳು. "ನಮ್ಮೂರು ಆದಿವಾಲ್ದಾಗೆ ನಲ್ವತ್ತು ವರ್ಷ, ಊರು ಬಿಟ್ಟು ಹೋಗೋರೆಲ್ಲ ಬೀಗದ ಕೈ ನನ್ನ ಕೈಗೆ ಕೊಟ್ಟು ಹೋಗ್ತಿದ್ರು ಕಣೇ. ಒಂದೊಂದು ದಿನ ಹನ್ನೊಂದು ಮನೆ ಬೀಗದ ಕೈ ನನ್ನ ಸೊಂಟದಾಗೆ ಇರೋವು. ಎಮ್ಮೆ ಕೊಳ್ಳಾಗಿನ ಗಂಟೆಯಂಗೆ ಸದ್ದು," ಅಂದಳು.

"ಏಳ್ರಿ ಅತ್ತೆ. ಬಿಸ್ಲು."

"ಕಳ್ಳಿ ಅಂತಲಾ?"

"ಏಳ್ರಿ."

ಶನಿವಾರ ಸಾಹೇಬರು ಬಂದರು, ಬಾವುಟದ ಕಂಬದ ಸುತ್ತ ತಲೆ ಬೋಳಿಸಿದಂತಿದ್ದ ಗಿಡಗಳನ್ನು ನೋಡಿ, "ಇದೇನು, ಮೇಕೆ ಮೇಯಿಸಿದ್ದೀರಾ?" ಅಂದರಂತೆ. ಸಮಿತಿಯ ಕಾರ್ಯದರ್ಶಿ ಆ ಮಾತಿನ ಬಿಸಿಯನ್ನು ಸಂಜೆಯವರೆಗೂ ಆರದಂತೆ ಕಾಪಾಡಿಕೊಂಡು, ಆಫೀಸಿಗೆ ಬಂದು ಓಬಳೇಶಪ್ಪನ ಮೇಜಿನ ಮೇಲೆ ಸುರಿದರು.

ಮನೆಗೆ ಬಂದಾಗ ಅವನ ಮುಖ ಕಪ್ಪಿಟ್ಟಿತ್ತು. ಸೈಕಲ್ಲನ್ನು ಗೋಡೆಗೆ ಒರಗಿಸಿ ಒಳಗೆ ಬಂದವನೇ, "ಬರೆದು ಕೊಡ್ಬೇಕಾತು," ಅಂದ.

"ಏನು ಬರೆದು ಕೊಟ್ರಿ?" ಜಯಕ್ಕ ಅಕ್ಕಿ ಆರಿಸುತ್ತಾ ಕೇಳಿದಳು.

"ನಂಗೇನೂ ಗೊತ್ತಿಲ್ಲ ಅಂತ. ಗುರುವಾರ ನಾನು ಮನೇಲಿ ಊಟಾನೇ ಮಾಡ್ಲಿಲ್ಲ, ಹೋಟ್ಲಾಗೆ ಉಂಡೆ ಅಂತ."

ಒಲೆಯ ಮುಂದೆ ಕೂತಿದ್ದ ಹನುಮಮ್ಮ ತಿರುಗಲಿಲ್ಲ. ಸೌದೆಯನ್ನು ಒಳಕ್ಕೆ ತಳ್ಳಿ, "ಹೋಟ್ಲಾಗೆ ಉಂಡೆ ಅಂತ ಬರೆದೆಯಾ?" ಅಂದಳು.

"ಇನ್ನೇನವ್ವ ಮಾಡ್ಲಿ? ದಸರಾ ಹೊತ್ತಿಗೆ ಕಾಯಂ ಮಾಡೋ ಪಟ್ಟಿ ಬರುತ್ತೆ. ಆರು ವರ್ಷದಿಂದ ಹಂಗಾಮಿ. ನಿಮ್ಮಮ್ಮ ಕದ್ದಿದ್ದು ನೀನು ಉಂಡೆಯಾ ಅಂತ ಕೇಳಿದ್ರು."

"ಎರಡು ಮುದ್ದೆ."

"ಅವ್ವ..."

"ಎರಡು ಮುದ್ದೆ ಉಂಡ್ಯಲ್ಲಪ್ಪ. ಎರಡನೇದಕ್ಕೆ ತುಪ್ಪ ಕೇಳಿದ್ದೆ."

ಅವತ್ತು ರಾತ್ರಿ ಊಟಕ್ಕೆ ಹುರುಳಿಕಟ್ಟಿನ ಸಾರಿತ್ತು. ಮಗನ ತಟ್ಟೆಗೆ ಮುದ್ದೆ ಇಡುತ್ತಾ ಹನುಮಮ್ಮ, "ಇದ್ನ ಉಂಡೆ ಅಂತ ಬರೀಬೋದೋ, ಹೋಟ್ಲಿಗೆ ಹೋಗ್ತಿಯೋ?" ಅಂದಳು. ಕಮಲ ಕಿಸಕ್ಕನೆ ನಕ್ಕಳು. ಓಬಳೇಶಪ್ಪ ನಗಲಿಲ್ಲ, ಆದರೆ ಉಂಡ.

ಮುಂದಿನ ವಾರ ಕಾರ್ಯದರ್ಶಿಗಳು ಒಂದು ದಾರಿ ಹೇಳಿಕಳಿಸಿದರು. ಮುದುಕಿ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡರೆ ಇಪ್ಪತ್ತೈದು ರೂಪಾಯಿ ದಂಡಕ್ಕೆ ಮುಗಿಯುತ್ತದೆ. ಸಮಿತಿಗೂ ಮರ್ಯಾದೆ, ಓಬಳೇಶಪ್ಪನಿಗೂ ತೊಂದರೆಯಿಲ್ಲ. ಓಬಳೇಶಪ್ಪ ಅದನ್ನು ಸ್ನಾನದ ನೀರು ಕಾಯುತ್ತಿದ್ದ ಹಂಡೆಯ ಮುಂದೆ ನಿಂತು ತಾಯಿಗೆ ಹೇಳಿದ.

"ದಂಡ ನಾನು ಕಟ್ತೀನಿ. ನೀನು ತಪ್ಪಾತು ಅಂದ್ಬಿಡವ್ವ."

"ತಪ್ಪಾತು ಅಂತೀನಿ. ಅವ್ರ ಗಿಡ, ಅವ್ರಿಗೆ ಚೆಂದಕ್ಕೆ ಬೇಕಿತ್ತು, ನಾನು ಚಿವುಟಿದೆ. ಬೇಕಾದ್ರೆ ಆ ಸಣ್ಣಪ್ಪಂಗೂ ತಪ್ಪಾತು ಅಂತೀನಿ. ಕದ್ದೆ ಅನ್ನಲ್ಲ."

"ಅದು ಕೋರ್ಟಿನ ಭಾಷೆ ಕಣವ್ವ. ಹೆಂಗಂದ್ರೂ ಒಂದೇ."

"ಒಂದೇ ಆದ್ರೆ ಅವ್ರು ಬೇರೇದು ಬರ್ಕೊಳ್ಲಿ."

"ನಿಂಗೆ ನನ್ನ ಕೆಲ್ಸಕ್ಕಿಂತ ನಿನ್ನ ಹಟ ದೊಡ್ಡದು."

"ಲೇ, ನೀನು ಹುಟ್ಟೋಕಿಂತ ಮುಂಚಿಂದ್ಲೂ ನನ್ನ ಹೆಸ್ರು ಐತೆ."

ಜಯಕ್ಕ ಬಟ್ಟೆ ಒಣಗಿಸುತ್ತಾ ಹಿತ್ತಲಲ್ಲಿದ್ದಳು. ಗಂಡನ ಕೆಲಸ ಕಾಯಂ ಆದರೆ ತನ್ನ ಬಾಲವಾಡಿ ಸಂಬಳದಲ್ಲೇ ತಿಂಗಳ ಕೊನೆಯ ವಾರ ಎಳೆಯುವುದು ತಪ್ಪುತ್ತದೆಂದು ಅವಳಿಗೂ ಗೊತ್ತು. ಒಂದು ಕ್ಷಣ ಗಂಡನ ಪರವಾಗಿ ಎರಡು ಮಾತು ಆಡಬೇಕೆಂದುಕೊಂಡಳು. ಅಷ್ಟರಲ್ಲಿ ಕಮಲ ಶಾಲೆಯಿಂದ ಬಂದು ಚೀಲ ಎಸೆದು ಹೇಳಿದಳು:

"ನಾಳಿಂದ ನಾನು ಸ್ಕೂಲಿಗೆ ಹೋಗಲ್ಲ. ಸೊಪ್ಪಿನ ಕಳ್ಳಿ ಮೊಮ್ಮಗ್ಳು ಅಂತಾರೆ."

ಹನುಮಮ್ಮ ಹಂಡೆಯ ಮುಂದಿನಿಂದ ಎದ್ದು ಬಂದು, ಮೊಮ್ಮಗಳ ಜಡೆ ಬಿಚ್ಚಿ ಮತ್ತೆ ಹೆಣೆಯಲು ಕೂತಳು. ಜಯಕ್ಕ ಗಂಡನ ಕಡೆ ನೋಡಿ, "ವಕೀಲರನ್ನ ನೋಡಾಣ," ಅಂದಳು.

"ನೀನೂ ಅವ್ವನ ಜತೆಗೇ ಸೇರ್ಕಂಡ್ಯಾ?"

"ಸೇರ್ಕಳೋದೇನು, ನಾನೂ ಉಂಡೀನಲ್ಲ."

ವಕೀಲ ತಿಮ್ಮರಾಯಪ್ಪನವರು ಹಿರಿಯೂರಿನವರು. ವಾರಕ್ಕೆ ಮೂರು ದಿನ ಬೆಳಗಿನ ಬಸ್ಸಿಗೆ ದುರ್ಗಕ್ಕೆ ಬಂದು ಕೋರ್ಟು ಮಾಡುತ್ತಿದ್ದರು. ಅವರ ತಾಯಿ ಆದಿವಾಲದಲ್ಲಿ ಹನುಮಮ್ಮನ ಓರಗೆಯವರು. ಒಂದು ಬುಧವಾರ ಕೋರ್ಟು ಮುಗಿಸಿಕೊಂಡು, ಕರಿಕೋಟನ್ನು ತೋಳ ಮೇಲೆ ಹಾಕಿಕೊಂಡು ಮನೆಗೆ ಬಂದರು. ಹನುಮಮ್ಮ ಕೇಸಿನ ಮಾತೆತ್ತುವ ಮುಂಚೆ ತಟ್ಟೆ ಹಾಕಿದಳು.

"ಮೊದ್ಲು ಮಾಲು ಎಲ್ಲೈತೆ ಹೇಳ್ರಿ," ಅಂದರು ವಕೀಲರು, ಶೇಂಗಾ ಚಟ್ನಿ ಕಲೆಸುತ್ತಾ.

"ಯಾವ ಮಾಲು?" ಜಯಕ್ಕ ಕೇಳಿದಳು.

"ಕದ್ದ ಮಾಲು. ಪೊಲೀಸ್ನೋರು ವಶಪಡಿಸ್ಕಂಡಿಲ್ಲ ಅಂತ ಬರ್ದಾರೆ."

"ಉಂಡ್ವಿ."

"ಎಲ್ರೂ?"

"ಎಲ್ರೂ."

"ಹಂಗಾದ್ರೆ ಮನೆಗೆ ಮನೇನೇ ಆರೋಪಿ. ನಿಮ್ಮನ್ನೆಲ್ಲ ಒಂದೇ ಕೋಣ್ಯಾಗೆ ಹಾಕ್ತಾರೆ, ಬಾಡಿಗೆ ಉಳೀತೈತೆ."

ಓಬಳೇಶಪ್ಪನಿಗೆ ತಮಾಷೆ ಹಿಡಿಸಲಿಲ್ಲ. ವಕೀಲರು ಕೈ ತೊಳೆದು ಬಂದ ಮೇಲೆ ಸರಿಯಾಗಿ ಮಾತಾಡಿದರು. ಒಪ್ಪಿಕೊಂಡರೆ ಸುಲಭ, ವಯಸ್ಸಾದವರು, ಮೊದಲ ಸಲ, ಬುದ್ಧಿ ಹೇಳಿ ಬಿಟ್ಟರೂ ಬಿಟ್ಟಾರು. ಆದರೆ ಕಾಗದದಲ್ಲಿ ಕಳವು ಮಾಡಿದವಳು ಎಂದೇ ಉಳಿಯುತ್ತದೆ. ಒಪ್ಪದೆ ನಡೆಸಿದರೆ, ಕೆಟ್ಟ ಬುದ್ಧಿಯಿಂದ ತೆಗೆದುಕೊಂಡದ್ದಲ್ಲ ಎಂದು ತೋರಿಸಬೇಕು. "ಕಳವು ಅನ್ನೋದು ಕೈಯಾಗಿಲ್ಲ, ಮನಸ್ಸಿನಾಗೆ ಇರೋದು. ಮನಸ್ಸು ತಂದು ಕೋರ್ಟಿನ ಮೇಜಿನ ಮೇಲೆ ಇಡೋದು ಹೆಂಗೆ, ಅದೇ ಕಷ್ಟ. ಗಿಡ ಮುಟ್ಟಬಾರದು ಅಂತ ಬೋರ್ಡ್ ಬೇರೆ ಐತೆ."

"ಬೋರ್ಡು ನಂಜತೆ ಮಾತಾಡ್ಲಿಲ್ಲಪ್ಪ," ಅಂದಳು ಹನುಮಮ್ಮ.

"ಗೊತ್ತು ಕಣಮ್ಮ. ಏನು ಮಾಡಾಣ ಹೇಳು? ಒಪ್ಕಂತಿಯೋ?"

"ಇಲ್ಲ."

ವಕೀಲರು ಓಬಳೇಶಪ್ಪನ ಕಡೆ ನೋಡಿದರು. ಅವನು ಎದ್ದು ಹೊರಗೆ ಸೈಕಲ್ಲು ಒರೆಸಲು ಹೋದ.

ಮೊದಲ ವಾಯಿದೆಯ ದಿನ ಮ್ಯಾಜಿಸ್ಟ್ರೇಟರು ಕೇಳಿದಾಗ ಹನುಮಮ್ಮ, "ಚಿವುಟಿದ್ದು ನಿಜ ಸ್ವಾಮಿ, ಕದ್ದಿದ್ದು ಸುಳ್ಳು," ಅಂದಳು. ವಿಚಾರಣೆಗೆ ಮೂರು ವಾರ ಬಿಟ್ಟು ದಿನ ಕೊಟ್ಟರು.

ಆ ಮೂರು ವಾರ ಮನೆಯಲ್ಲಿ ಮಾತು ಕಡಿಮೆಯಾಗಿ ಕೆಲಸ ಜಾಸ್ತಿಯಾಯಿತು. ಹನುಮಮ್ಮ ಹೊರಗೆ ಹೋಗುವುದನ್ನು ಬಿಟ್ಟಳು. ನಲ್ಲಿಯ ಹತ್ತಿರ ಹೆಂಗಸರು ಕೊಡಗಳನ್ನು ಸ್ವಲ್ಪ ಪಕ್ಕಕ್ಕೆ ಎಳೆದುಕೊಂಡರೆಂದು ಅವಳಿಗೆ ಅನ್ನಿಸಿತ್ತು. ಎಳೆದುಕೊಂಡಿದ್ದರೋ ಇಲ್ಲವೋ, ನೀರು ತರುವ ಕೆಲಸ ಜಯಕ್ಕನ ಪಾಲಿಗೆ ಬಂತು. ಬಸಮ್ಮ ಮಾತ್ರ ದಿನವೂ ಗೋಡೆಯ ಮೇಲಿಂದ ಕೂಗುತ್ತಿದ್ದಳು: "ಏನು ಹನುಮಕ್ಕ, ನಾನೂ ಉಂಡೀನಿ, ನಂಗ್ಯಾಕೆ ಇನ್ನೂ ಕಾಗ್ದ ಬಂದಿಲ್ಲ?"

ಕಾಗದ ಬಂದದ್ದು ಓಬಳೇಶಪ್ಪನಿಗೆ. ಬೀಜ ತರಿಸಿದ ರಿಜಿಸ್ಟರು ತೋರಿಸಿ, ಗಿಡ ಸಮಿತಿಯದೆಂದು ಹೇಳಲು ಅವನನ್ನೇ ಸರ್ಕಾರದ ಪರ ಸಾಕ್ಷಿಯಾಗಿ ಕರೆದಿದ್ದರು. ಆ ಸಮನ್ಸನ್ನು ಅವನು ದೇವರ ಗೂಡಿನ ಹಿಂದೆ ಸಿಕ್ಕಿಸಿಟ್ಟ. ಎರಡನೆಯ ದಿನ ದೀಪ ಹಚ್ಚಲು ಹೋದ ಜಯಕ್ಕನಿಗೆ ಸಿಕ್ಕಿತು.

"ಇದೇನ್ರೀ?"

"ಸಾಕ್ಷಿ. ಹೋಗ್ದಿದ್ರೆ ವಾರಂಟು."

"ಹೆತ್ತವ್ವನ ಮೇಲೆ ಸಾಕ್ಷಿ ಹೇಳ್ತೀರಾ?"

"ಬೀಜದ ಮೇಲೆ ಹೇಳ್ತೀನಿ," ಅಂದ ಓಬಳೇಶಪ್ಪ.

ಹನುಮಮ್ಮ ಒಳಗಿಂದಲೇ ಹೇಳಿದಳು, "ಅವನ್ನ ಯಾಕೆ ಬೈತೀಯೇ? ಕೆಲ್ಸದೋನು, ಕರೆದ್ರೆ ಹೋಗ್ಬೇಕು. ಬೀಜ ತರ್ಸಿದ್ದು ನಿಜ ತಾನೆ, ಹೇಳ್ಲಿ. ಆ ಬಿಳಿ ಅಂಗಿ ತೋಳು ಹರಿದೈತೆ, ಹೊಲಿದಿಡು. ಕೋರ್ಟಿಗೆ ಹರಕಲಂಗಿ ಹಾಕ್ಕಂಡು ಹೋಗೋದು ಬ್ಯಾಡ."

ಜಯಕ್ಕ ಆ ತೋಳು ಹೊಲಿಯುವಾಗ ಸೂಜಿಯನ್ನು ಬೇಕಂತಲೇ ಜೋರಾಗಿ ಎಳೆದಳು.

ವಿಚಾರಣೆಗೆ ಎಂಟು ದಿನ ಇರುವಾಗ, ಒಂದು ಭಾನುವಾರ ಅತ್ತೆ ಸೊಸೆ ಇಬ್ಬರೂ ಹಿತ್ತಲಲ್ಲಿ ಕಂಬಳಿ ಒಗೆಯುತ್ತಿದ್ದರು. ಒಬ್ಬರು ಒಂದು ತುದಿ, ಇನ್ನೊಬ್ಬರು ಇನ್ನೊಂದು ತುದಿ ಹಿಡಿದು ಹಿಂಡುವಾಗ ಜಯಕ್ಕ ಸುಮ್ಮನೆ ಕೇಳಿದಳು, "ಅಲ್ಲ ಅತ್ತೆ, ಅವತ್ತು ಎಷ್ಟು ಸೊಪ್ಪು ತಂದಿದ್ರಿ? ಬಂಡಿ ತುಂಬ ಹೊತ್ಕಂಡು ಹೋದ್ರು ಅಂತ ಬರ್ದಂಗೈತೆ ಪೊಲೀಸ್ನೋರು."

"ಆರು ಹಿಡಿ. ನಮ್ಗೆ ನಾಕು, ಬಸಮ್ಮಂಗೆ ಒಂದು, ಹೊಲದೋರಿಗೆ ಒಂದು."

"ಯಾವ ಹೊಲದೋರಿಗೆ?"

"ಹೊಲದೋರಿಗೆ ಕಣೇ. ಇನ್ನೊಬ್ರ ಹೊಲ್ದಾಗೆ ಸೊಪ್ಪು ಚಿವುಟಿದ್ರೆ ಮೊದ್ಲ ಹಿಡಿ ಬದುವಿನ ಮೇಲೆ ಇಟ್ಟು ಬರಲ್ವಾ? ಅವ್ರು ಬಂದಾಗ, ಓ ಯಾರೋ ಬಂದಿದ್ರು ಅಂತ ಗೊತ್ತಾಗ್ಲಿ ಅಂತ. ನಿಮ್ಮ ತವರು ಭೀಮಸಮುದ್ರದಾಗೆ ಇಲ್ವೇನು?"

"ನಾವು ಕಾಣೆವು." ಜಯಕ್ಕ ಕಂಬಳಿಯ ತುದಿ ಬಿಟ್ಟಿದ್ದಳು. "ಪಾರ್ಕ್‌ನಾಗೂ ಇಟ್ರಾ?"

"ಇಡ್ದೆ? ಅಲ್ಲಿ ಬದು ಎಲ್ಲೈತೆ, ಸಿಮೆಂಟು ಬೆಂಚಿನ ಮೇಲೆ ಇಟ್ಟೆ. ಗಾಳಿಗೆ ಹಾರ್ದಂಗೆ ಒಂದು ಕಲ್ಲು ಹೇರಿದ್ದೆ. ಕಂಬಳಿ ಹಿಡ್ಕಳೇ, ಕೆಸರಾಗೆ ಬಿತ್ತು."

"ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ಇದ್ನೇನು ಹೇಳೋದು? ಊಟ ಆದ್ಮೇಲೆ ಕೈ ತೊಳ್ದೆ ಅಂತ ಯಾರಾದ್ರೂ ಹೇಳ್ತಾರಾ?"

ಜಯಕ್ಕ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಒಳಗೆ ಹೋಗಿ, ಒಂದು ಇನ್‌ಲ್ಯಾಂಡ್ ಲೆಟರ್ ಹುಡುಕಿ ತಿಮ್ಮರಾಯಪ್ಪನವರಿಗೆ ಬರೆದಳು. ಬಾಲವಾಡಿ ಟೀಚರಿನ ದುಂಡಕ್ಷರ. ನಾಲ್ಕನೆಯ ದಿನ ಕಾರ್ಡು ಬಂತು: 'ಪತ್ರ ತಲುಪಿತು. ಈ ಸಂಗತಿಯನ್ನು ಯಾರ ಹತ್ತಿರವೂ ಆಡಬೇಡಿ. ಮಾಲಿಯನ್ನು ನಾನೇ ಕೇಳುತ್ತೇನೆ.' ಅಂಚೆಯವನು ಕೊಡುವ ಮುಂಚೆಯೇ ಓದಿಕೊಂಡಿದ್ದನೆಂದು ಅವನ ಮುಖ ನೋಡಿದರೆ ತಿಳಿಯುತ್ತಿತ್ತು. ಆದರೂ ಪುಣ್ಯಾತ್ಮ, ಆಡಲಿಲ್ಲ.

ಶ್ರಾವಣದ ಎರಡನೆಯ ಸೋಮವಾರ ವಿಚಾರಣೆ. ಬೆಳಿಗ್ಗೆ ರೊಟ್ಟಿ ತಟ್ಟುತ್ತಾ ಜಯಕ್ಕ ಗಂಡನಿಗೆ ಹೇಳಿದಳು, "ನೀವು ಏನು ಹೇಳ್ಬೇಕು ಅಂತ ನಾನು ಹೇಳಲ್ಲ. ಕಮಲನ ಸ್ಕೂಲ್ ಫೀಜು, ಮನೆ ಬಾಡಿಗೆ ಎಲ್ಲಾ ನಂಗೂ ಗೊತ್ತೈತೆ. ಆದ್ರೆ ಅತ್ತೆ ಆರು ವರ್ಷದಿಂದ ನಮ್ಮನ್ಯಾಗೆ ಒಲೆ ಉರಿಸ್ತಾರೆ. ಅದೂ ಹಂಗಾಮಿನೇ."

ಓಬಳೇಶಪ್ಪ ಹೊಲಿದ ತೋಳಿನ ಬಿಳಿ ಅಂಗಿ ತೊಟ್ಟುಕೊಂಡು, ರಿಜಿಸ್ಟರನ್ನು ಕ್ಯಾರಿಯರಿಗೆ ಸಿಕ್ಕಿಸಿ ಹೋದ.

ಕೋರ್ಟಿನಲ್ಲಿ ಮೊದಲ ಬೆಂಚಿನ ಮೇಲೆ ಸಮಿತಿಯ ಕಾರ್ಯದರ್ಶಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಸಣ್ಣಪ್ಪನನ್ನು ಮೊದಲು ಕರೆದರು. ಅವನು ಸರ್ಕಾರಿ ವಕೀಲರು ಕೇಳಿದ್ದಕ್ಕೆಲ್ಲ ಹೌದು ಅಂದ. ಬೆಳಿಗ್ಗೆ ಮುದುಕಿ ಮಡಿಲು ತುಂಬಿಕೊಂಡು ಗೇಟು ದಾಟಿದ್ದನ್ನು ದೂರದಿಂದ ನೋಡಿದೆ, ಹೌದು. ಬೋರ್ಡು ಇತ್ತು, ಹೌದು. ಗಿಡ ಹಾಳಾಯಿತು, ಹೌದು.

ತಿಮ್ಮರಾಯಪ್ಪನವರು ನಿಧಾನಕ್ಕೆ ಎದ್ದರು. "ಯಾವೂರಪ್ಪ ನಿಂದು?"

"ಮಾಡದಕೆರೆ ಸ್ವಾಮಿ. ಹೊಸದುರ್ಗ ತಾಲ್ಲೂಕು."

"ಮನ್ಯಾಗೆ ಹೊಲ ಐತಾ? ದಂಟು ಬೆಳೀತೀರಾ?"

"ಬೆಳೀತೀವಿ."

"ಎಷ್ಟು ಗಿಡ ಬೇರು ಸಮೇತ ಕಿತ್ತಿದ್ಲು ಈ ಅಮ್ಮ?"

"ಕಿತ್ತಿಲ್ಲ. ಕುಡಿ ಚಿವುಟಿದ್ದು."

"ಈಗ ಹೆಂಗವೆ ಗಿಡ?"

"ಈಗ... ಕವಲೊಡೆದು ಪೊದೆ ಆಗ್ಯಾವೆ."

"ಅವತ್ತು ಬೆಂಚಿನ ಮೇಲೆ ಏನಿತ್ತು?"

ಸಣ್ಣಪ್ಪ ಕಾರ್ಯದರ್ಶಿಯ ಕಡೆ ನೋಡಿದ. ಕಾರ್ಯದರ್ಶಿಗೆ ಏನೂ ಗೊತ್ತಿರಲಿಲ್ಲ. ಅವರೂ ಅವನನ್ನೇ ನೋಡಿದರು.

"ದೇವ್ರ ಮೇಲೆ ಪ್ರಮಾಣ ಮಾಡೀಯಪ್ಪ. ಏನಿತ್ತು?"

"ಒಂದು ಹಿಡಿ ಸೊಪ್ಪಿತ್ತು. ಮೇಲೆ ಕಲ್ಲು ಹೇರಿತ್ತು."

"ಅದ್ರ ಅರ್ಥ ಏನು ಅಂತ ನಿಂಗೆ ಗೊತ್ತಾ?"

"ಗೊತ್ತು. ಹೊಲದೋರ ಪಾಲು. ನಮ್ಮ ಕಡೇನೂ ಇಡ್ತಾರೆ."

"ಆ ಸೊಪ್ಪು ಏನಾತು?"

ಸಣ್ಣಪ್ಪ ತಲೆ ತುರಿಸಿಕೊಂಡ.

"ಮನೆಗೆ ತಗಂಡೋದೆ ಸ್ವಾಮಿ. ನಮ್ಮ ಹೆಂಗಸ್ರು ಪಲ್ಯ ಮಾಡಿದ್ರು."

ಹಿಂದಿನ ಸಾಲಿನಲ್ಲಿ ಬಸಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಮ್ಯಾಜಿಸ್ಟ್ರೇಟರು ಕನ್ನಡಕ ತೆಗೆದು ಒರೆಸಿಕೊಂಡು, ನಗುವವರೆಲ್ಲ ಹೊರಗೆ ಹೋಗಬಹುದು ಅಂದರು. ಯಾರೂ ಹೋಗಲಿಲ್ಲ.

ಆಮೇಲೆ ಓಬಳೇಶಪ್ಪ. ರಿಜಿಸ್ಟರು ತೆರೆದು ಬೀಜದ ಸಾಲು ಓದಿದ. ಗಿಡ ಸಮಿತಿಯದು ಎಂದ. ಇಷ್ಟಕ್ಕೆ ಅವನ ಕೆಲಸ ಮುಗಿದಿತ್ತು. ಸರ್ಕಾರಿ ವಕೀಲರು ಕೂತರು. ಹನುಮಮ್ಮ ಮಾತ್ರ ಮಗನ ಅಂಗಿಯ ತೋಳನ್ನೇ ನೋಡುತ್ತಿದ್ದಳು.

"ಆರೋಪಿ ನಿಮಗೆ ಏನಾಗಬೇಕು?" ತಿಮ್ಮರಾಯಪ್ಪನವರು ಕೇಳಿದರು.

"ತಾಯಿ."

"ಅವತ್ತಿನ ಸಾರು ಉಂಡ್ರಾ?"

ಸರ್ಕಾರಿ ವಕೀಲರು ಎದ್ದು ಒಂದು ಕಾಗದ ಎತ್ತಿ ಹಿಡಿದರು. "ಸಾಕ್ಷಿ ಅವತ್ತು ಹೋಟೆಲಿನಲ್ಲಿ ಊಟ ಮಾಡಿದೆ ಎಂದು ಕಾರ್ಯದರ್ಶಿಗಳಿಗೆ ಬರೆದುಕೊಟ್ಟಿದ್ದಾರೆ ಸ್ವಾಮಿ."

ಓಬಳೇಶಪ್ಪ ಆ ಕಾಗದ ನೋಡಿದ. ಅವನದೇ ಅಕ್ಷರ, ಅವನದೇ ಸಹಿ. ಆಮೇಲೆ ರಿಜಿಸ್ಟರನ್ನು ಮುಚ್ಚಿ, ಎರಡೂ ಕೈಯನ್ನು ಅದರ ಮೇಲಿಟ್ಟ.

"ಅದು ಸುಳ್ಳು ಬರೆದೆ ಸ್ವಾಮಿ. ಉಂಡಿದ್ದು ಮನೇಲಿ. ಎರಡು ಮುದ್ದೆ."

"ಯಾಕೆ ಸುಳ್ಳು ಬರೆದಿರಿ?" ಮ್ಯಾಜಿಸ್ಟ್ರೇಟರೇ ಕೇಳಿದರು.

"ಹೆದ್ರಿಕೆಗೆ."

"ಸೊಪ್ಪು ಎಲ್ಲಿಯದೆಂದು ನಿಮ್ಮ ತಾಯಿ ಮುಚ್ಚಿಟ್ಟರಾ?"

"ಇಲ್ಲ ಸ್ವಾಮಿ. ನಾನು ಸಾರು ಯಾಕೆ ಕೆಂಪಗೈತೆ ಅಂತ ಕೇಳಿದೆ ಅಷ್ಟೆ. ನಿಮ್ಮ ಆಫೀಸಿನೋರ ಪಾರ್ಕಿಂದು ಅಂತ ಅವ್ರೇ ಅಂದ್ರು. ನಮ್ಮವ್ವಂಗೆ ಮುಚ್ಚಿಡೋಕೆ ಬರಲ್ಲ. ಅದು ಬರೋದು ನಂಗೆ."

ಕಾರ್ಯದರ್ಶಿ ಕಾಲ ಮೇಲಿನ ಕಾಲನ್ನು ಇಳಿಸಿ, ಎದ್ದು ಹೊರಗೆ ಹೋದರು.

ಊಟದ ಬಿಡುವಾದ ಮೇಲೆ ಮ್ಯಾಜಿಸ್ಟ್ರೇಟರು ತೀರ್ಪು ಓದಿದರು. ಹಾಡುಹಗಲು ತೆಗೆದುಕೊಂಡು, ಹೇಳಿಕೊಂಡು, ಒಡೆಯನ ಪಾಲೆಂದು ಬಿಟ್ಟು ಬಂದದ್ದರಲ್ಲಿ ಕಳವಿನ ಬುದ್ಧಿ ಕಾಣುವುದಿಲ್ಲ; ಮೊದಲಿಗಿಂತ ದಟ್ಟವಾಗಿ ಬೆಳೆದ ಗಿಡವನ್ನು ಹಾಳಾಯಿತು ಎನ್ನಲೂ ಬಾರದು. ಎರಡೂ ಆರೋಪ ವಜಾ. ಆದರೆ ಸಾರ್ವಜನಿಕ ಉದ್ಯಾನದಲ್ಲಿ ಗಿಡ ಮುಟ್ಟಬಾರದೆಂಬ ನಿಯಮ ಓದು ಬಾರದವರಿಗೂ ನಿಯಮವೇ. ಅದಕ್ಕೆ ಎರಡು ರೂಪಾಯಿ ದಂಡ.

"ಒಪ್ಪಿಗೆಯಾ ಅಮ್ಮ?"

"ಅದು ನ್ಯಾಯ ಸ್ವಾಮಿ," ಅಂದಳು ಹನುಮಮ್ಮ. "ಕಟ್ತೀನಿ."

ಗುಮಾಸ್ತನ ಕಿಟಕಿಯಲ್ಲಿ ಓಬಳೇಶಪ್ಪ ದಂಡ ಕಟ್ಟಲು ಜೇಬಿಗೆ ಕೈ ಹಾಕಿದ. ತಾಯಿ ಅವನ ಕೈ ತಳ್ಳಿ ತನ್ನ ಎರಡು ರೂಪಾಯಿ ತಾನೇ ಕೊಟ್ಟಳು. ರಸೀದಿ ಬಂತು. ಹೊರಗೆ ಬೇವಿನ ಮರದ ಕೆಳಗೆ ವಾಯಿದೆಗೆ ಬಂದ ಹತ್ತಿಪ್ಪತ್ತು ಜನ ಬೀಡಿ ಸೇದುತ್ತಾ ಕೂತಿದ್ದರು. ತಿಮ್ಮರಾಯಪ್ಪನವರು ಬಸ್ಸಿನ ಹೊತ್ತಾಯಿತೆಂದು ಕೋಟು ಕಳಚುತ್ತಾ ಹೊರಟರು.

"ನಾಳೆ ಆಫೀಸಿಗೆ ಹೋದ್ರೆ ಏನೈತೋ," ಅಂದ ಓಬಳೇಶಪ್ಪ, ಯಾರಿಗೋ ಹೇಳಿದಂತೆ.

"ಏನಿದ್ರೂ ಬುತ್ತಿ ಕಟ್ಟಿ ಕೊಡ್ತೀನಿ," ಅಂದಳು ಜಯಕ್ಕ. ಎಷ್ಟೋ ವಾರಗಳ ಮೇಲೆ ಅವನ ಮುಖವನ್ನು ನೇರವಾಗಿ ನೋಡಿದ್ದಳು.

ಹನುಮಮ್ಮ ರಸೀದಿಯನ್ನು ಮಗನ ಕೈಗೆ ಕೊಟ್ಟಳು. "ಏನಂತ ಬರ್ದೈತೆ ಓದು."

"ಉದ್ಯಾನ ನಿಯಮ ಉಲ್ಲಂಘನೆ, ದಂಡ ಎರಡು ರೂಪಾಯಿ, ಪಾವತಿಯಾಗಿದೆ."

"ಕಳವು ಅಂತ ಎಲ್ಲೂ ಇಲ್ವಾ?"

"ಇಲ್ಲವ್ವ."

"ಹಿಂದ್ಗಡೆ?"

ಓಬಳೇಶಪ್ಪ ಕಾಗದ ತಿರುಗಿಸಿ ತೋರಿಸಿದ. ಹಿಂದೆ ಖಾಲಿ.

"ಇನ್ನೊಂದ್ಸಲ ಓದು. ಮೆಲ್ಲಗೆ ಓದಿದ್ರೆ ನಂಗೆ ಕೇಳ್ಸಲ್ಲ."

ಅವಳ ಕಿವಿ ಚೆನ್ನಾಗಿಯೇ ಕೇಳುತ್ತಿತ್ತೆಂದು ಜಯಕ್ಕನಿಗೆ ಗೊತ್ತು, ಓಬಳೇಶಪ್ಪನಿಗೂ ಗೊತ್ತು. ಅವನು ಮರದ ಕೆಳಗಿನ ಜನರ ಕಡೆಗೆ ತಿರುಗಿ ನಿಂತು, ಗಂಟಲು ಸರಿಮಾಡಿಕೊಂಡು, ಹರಾಜು ಕೂಗುವವನ ದನಿಯಲ್ಲಿ ಹನುಮಮ್ಮ ಕೋಂ ಅಂಜನಪ್ಪ, ಸಾಕಿನ್ ಆದಿವಾಲ ಎಂಬಲ್ಲಿಂದ ಹಿಡಿದು ಕೆಳಗಿನ ಮೊಹರಿನವರೆಗೂ ಒಂದಕ್ಷರ ಬಿಡದೆ ಓದಿದ. ಬೀಡಿ ಸೇದುತ್ತಿದ್ದವರು ಒಬ್ಬೊಬ್ಬರಾಗಿ ತಲೆ ಎತ್ತಿ ನೋಡಿದರು.